ನಿಂತ ಲಾರಿಯ ಕೆಳಗಿನ ಡಬ್ಬಿ

ಬಸವಕಲ್ಯಾಣ
೧೭ ಫೆಬ್ರುವರಿ ೨೦೨೫, ಸೋಮವಾರ

ಸಿಟ್ಟಿನ ಸಾಮ್ರಾಜ್ಞಿ, ಹುಮನಾಬಾದದ ಸಮಸ್ತ ಕುಬಸಗಳನ್ನು ಹೊಲಿದ ಕರ್ತೃ, ನನ್ನ ಸಾಲಿ ಬೆಂಚಿನ ಗೆಳತಿ ಫರಹತ್‌ಗೆ,

ಜಗದೇವಿಯ ಸಲಾಮುಗಳು. ನಾನು ಕ್ಷೇಮ. ನೀನು ಹೇಗಿದ್ದೀ ಎಂದು ಕೇಳೋಣವೆಂದರೆ ಫೋನೇ ಎತ್ತುವುದಿಲ್ಲ. ಈ ಕಾಗದ ಹೋದ ವಾರವೇ ಬರಬೇಕಿತ್ತು. ತಡವಾದದ್ದಕ್ಕೆ ಮಾಫಿ ಇರಲಿ. ಒಂದು ಲಾರಿ ಸಿಗುವುದಕ್ಕೆ ಕಾಯುತ್ತಿದ್ದೆ. ಅದು ಇನ್ನೂ ಸಿಕ್ಕಿಲ್ಲ, ಕಾಗದವಾದರೂ ಸಿಗಲಿ. ಲಕೋಟೆ ಕೊಳ್ಳಲು ಪೋಸ್ಟಿಗೆ ಹೋದಾಗ ಕಿಟಕಿಯ ಹುಡುಗಿ ವಿಳಾಸ ಕೇಳಿ ನಕ್ಕಳು. "ಬಾಯಾರ, ಹುಮನಾಬಾದಕ್ಕ ಬಸ್ಸಿನ್ಯಾಗ ನೀವೇ ಒಯ್ದು ಕೊಟ್ರ ಲಗೂ ಮುಟ್ಟತದಲ್ರಿ?" "ಮುಟ್ಟತದ್ರಿ, ಆದ್ರ ಬಾಗಿಲಾ ತೆಗಿಯೂದಿಲ್ರಿ" ಎಂದೆ. ಆಕೆ ಏನು ತಿಳಿದಳೋ, ಅಂಚೆಚೀಟಿಯನ್ನು ತಾನೇ ಹಚ್ಚಿಕೊಟ್ಟಳು.

ನಿನ್ನ ತಕರಾರು ನನಗೆ ನಮ್ಮೂರ ಆಟೋನಗರದ ಗಯಾಸುದ್ದೀನನ ಬಾಯಿಂದ ಮುಟ್ಟಿದೆ. ಮೊದಲು ಅದನ್ನು ನ್ಯಾಯವಾಗಿ ದಾಖಲಿಸುತ್ತೇನೆ. ನೀನಿರುವ ಬಾಡಿಗೆ ಮನೆ ಕೆಡವಿ ಅಂಗಡಿ ಸಾಲು ಕಟ್ಟುವುದಾಗಿ ಮಾಲಕರು ಹೇಳಿದ್ದಾರೆ. ನಾಂದೇಡದಿಂದ ನಿನ್ನ ತಂಗಿಯ ಮಗ ಅಮೀರ "ಖಾಲಾ, ಇಲ್ಲೇ ಬಂದುಬಿಡು" ಎಂದಿದ್ದಾನೆ. ರಂಜಾನಿನ ಚಂದ್ರ ಕಾಣುವುದರೊಳಗೆ ನೀನು ಗಂಟುಮೂಟೆ ಕಟ್ಟಬೇಕು. ಆಗ ನೀನು ನನಗೆ ಫೋನು ಮಾಡಿ, "ಜಗ್ಗೀ, ನಾ ಎಲ್ಲಿ ಹೋಗ್ಲಿ, ನೀನಾ ಹೇಳು" ಎಂದೆ. ನಾನು ಒಂದು ದಿನ ಮೌನವ್ರತ ಮಾಡಿ, ಮರುದಿನ ನಿನ್ನ ಮೊಬೈಲಿಗೆ ಎರಡು ಉದ್ದನೆಯ ಅಂಕಿಗಳನ್ನು ಕಳಿಸಿದೆ. ನೀನು ಅಂಕಿಗಳನ್ನು ಹಿಡಿದು ಬಸವಕಲ್ಯಾಣಕ್ಕೆ ಬಂದೆ. ಅಲ್ಲಿ ಏನೂ ಇರಲಿಲ್ಲ. ಹೋಗುವಾಗ ನೀನು ಆಡಿದ ಮಾತು ಆಟೋನಗರದಲ್ಲಿ ಈಗ ಬಾಯಿಪಾಠವಾಗಿದೆ: "ನಾ ಕೇಳಿದ್ದು ಜಾಗಾ, ಆಕಿ ಕೊಟ್ಟಿದ್ದು ಅಂಕಿ. ಚಾಷ್ಟಿ-ಮಸ್ಕಿರಿಗೂ ಒಂದ್ ಹದ್ದು ಇರ್ತದ."

ಈಗ ಆಪಾದಿತೆಯ ಹೇಳಿಕೆ.

ಈ ರೋಗ ನನಗೆ ಅಂಟಿಸಿದವಳು ಅಣ್ಣನ ಮಗಳು ಮೇಘಾ. ದೀಪಾವಳಿಗೆ ಬಂದವಳು ನನ್ನ ಫೋನಿನಲ್ಲಿ ಜಿಯೋಕ್ಯಾಶಿಂಗ್ ಎಂಬ ಆಟ ಇಳಿಸಿಕೊಟ್ಟಳು. ಯಾರೋ ಒಂದು ಡಬ್ಬಿ ಬಚ್ಚಿಟ್ಟು ಅದರ ಜಾಗವನ್ನು ಅಕ್ಷಾಂಶ-ರೇಖಾಂಶದ ಅಂಕಿಗಳಲ್ಲಿ ಬರೆದಿಡುತ್ತಾರೆ. ಇನ್ಯಾರೋ ಫೋನು ಹಿಡಿದು ಹುಡುಕುತ್ತಾರೆ. ಸಿಕ್ಕರೆ ಒಳಗಿನ ಚೀಟಿಗೆ ರುಜು ಹಾಕಿ, ಒಂದು ಸಣ್ಣ ಸಾಮಾನು ತೆಗೆದುಕೊಂಡು, ಬದಲಿಗೆ ಇನ್ನೊಂದು ಇಟ್ಟು, ಡಬ್ಬಿಯನ್ನು ಇದ್ದಲ್ಲೇ ಇಡಬೇಕು. "ದೊಡ್ಡವ್ರು ಆಡೂ ಆಟೇನ ಇದು?" ಎಂದು ನೀನು ಅಂದದ್ದು ನೆನಪಿದೆ. ದೊಡ್ಡವರೇ ಆಡುವುದು. ಸಣ್ಣವರಿಗೆ ಬೇರೆ ಕೆಲಸಗಳಿರುತ್ತವೆ.

ನನ್ನ ಮೊದಲ ಬೇಟೆ ಕೋಟೆಯ ಹೊರಗಿನ ಕಲ್ಲುಗುಡ್ಡೆಯಲ್ಲಿ. ಚಾಲುಕ್ಯರ ರಾಜಧಾನಿಯಲ್ಲಿ ನಿವೃತ್ತ ಮಾಸ್ತರಬಾಯಿಯೊಬ್ಬಳು ಮಂಡಿಯೂರಿ ಕಲ್ಲುಸಂದಿಗೆ ಕೈ ಹಾಕಿದರೆ ಜನ ಏನು ತಿಳಿಯಬೇಕು? ದನ ಕಾಯುತ್ತಿದ್ದ ಬಂಡೆಪ್ಪ ಎಂಬ ಹಿರಿಯ ಮೆತ್ತಗೆ ಬಂದು ಪಕ್ಕದಲ್ಲಿ ಕುಕ್ಕರಿಸಿದ.

"ನಿಧಿ ಏನ್ರಿ?"

"ಅಂಥಾದ್ದೇ ಅನ್ರಿ."

"ಹಂಗಾರ ನಾನೂ ಹುಡಕ್ತೀನಿ. ಅರ್ಧಾ ನಂದು."

ಒಪ್ಪಂದವಾಯಿತು. ಡಬ್ಬಿ ಸಿಕ್ಕಿದ್ದೂ ಆತನಿಗೇ. ಮುಚ್ಚಳ ತೆಗೆದರೆ ಒಂದು ಗೋಲಿ, ಒಂದು ರಬ್ಬರು, ಸುರುಳಿ ಸುತ್ತಿದ ಚೀಟಿ. ಬಂಡೆಪ್ಪ ಬಹಳ ಹೊತ್ತು ಅದನ್ನೇ ನೋಡಿದ. ಆಮೇಲೆ ನನ್ನನ್ನು ನೋಡಿದ. "ಬಾಯಾರ, ಮನ್ಯಾಗ ಎಲ್ಲಾ ಆರಾಮ ಅದಲ್ರಿ?" ಎಂದ ಕರುಣೆಯಿಂದ. ಗೋಲಿಯನ್ನು ಆತನೇ ಒಯ್ದ. ಮಾತು ಮಾತೇ.

ಎರಡನೆಯದು ನಿನ್ನ ಊರಲ್ಲಿ, ನಿನ್ನ ಸಾಕ್ಷಿಯಲ್ಲಿ ನಡೆದದ್ದು. ಬೇವಿನಕಟ್ಟೆಯ ಸುತ್ತ ನಾನು ಫೋನು ಹಿಡಿದು ತಿರುಗುತ್ತಿದ್ದೆ. ನನ್ನ ಹಿಂದೆ ಒಬ್ಬ ಮುದುಕಿ ಕೈಮುಗಿದು ಸುತ್ತು ಹಾಕತೊಡಗಿದಳು. ನಾಲ್ಕಾರು ಸುತ್ತಾದ ಮೇಲೆ ಏದುಸಿರು ಬಿಡುತ್ತಾ, "ಎವ್ವಾ, ಎಷ್ಟ್ ಸುತ್ತು ಹಾಕಬೇಕ?" ಎಂದಳು. "ಸಿಗೂತನಕ" ಎಂದೆ. ಪಾಪ, ತಲೆಯಾಡಿಸಿ ಮತ್ತೆ ಶುರು ಮಾಡಿದಳು. ನೀನೋ, ಕಟ್ಟೆಯ ಮೇಲೆ ಕೂತು ಭಜಿ ತಿನ್ನುತ್ತಾ ಕಾಲು ಆಡಿಸುತ್ತಿದ್ದೆ. ನಿನ್ನ ಚಪ್ಪಲಿ ಟಣ್ಣೆಂದು ಡಬ್ಬಿಗೆ ಬಡಿಯಿತು. "ತಗೋ, ನಿನ್ನ ನಿಧಿ" ಎಂದು ಎಣ್ಣೆಗೈಯಲ್ಲೇ ಕೊಟ್ಟೆ. ಒಳಗಿನ ಕೆಂಪು ಗುಂಡಿಯನ್ನು ತೆಗೆದುಕೋ ಎಂದರೆ "ಯಾರದೋ ಅದ, ನಾ ಯಾಕ ತಗೊಳ್ಲಿ" ಎಂದು ತಾಸು ವಾದಿಸಿದೆ. ಕೊನೆಗೆ ತೆಗೆದುಕೊಂಡು, ಬದಲಿಗೆ ನಿನ್ನ ಚೀಲದಿಂದ ಒಂದು ಹುಕ್ಕು ಹಾಕಿದೆ. ಆ ಗುಂಡಿ ಸಂಜೆಯೊಳಗೆ ನನ್ನ ಸ್ವೆಟರಿಗೆ ಬಂದು ಕೂತಿತು. ಈಗಲೂ ಅಲ್ಲೇ ಇದೆ, ಉಳಿದ ಗುಂಡಿಗಳೆಲ್ಲ ಕಂದು ಬಣ್ಣದವು.

ಹುಡುಕುವುದು ಬಂತು, ಬಚ್ಚಿಡುವುದು ಬರಬೇಡವೇ? ಆಟದ ನಿಯಮ: ಜಾಗದ ಮಾಲಕರ ಒಪ್ಪಿಗೆ ಬೇಕು, ಮತ್ತು ಚಲಿಸುವ ವಸ್ತುವಿನಲ್ಲಿ ಇಡಕೂಡದು. ನಾನು ಎರಡನ್ನೂ ಪಾಲಿಸಿದೆ. ಆಟೋನಗರದಲ್ಲಿ ಗಯಾಸುದ್ದೀನ್ ಲಾರಿಗಳಿಗೆ ಬಾಡಿ ಕಟ್ಟುವ ಅಂಗಳ ನಿನಗೆ ಗೊತ್ತು. ಅಲ್ಲಿ ಕೊರೊನಾ ಕಾಲದಿಂದ ಬದ್ರುದ್ದೀನನ ಲಾರಿ ನಿಂತಿದೆ. ನಿಂತಿತ್ತು, ಎನ್ನಬೇಕು. ಅದರ ಗಾಲಿ ನೆಲದಲ್ಲಿ ಇಳಿದುಹೋಗಿತ್ತು, ಅಡಿಯಲ್ಲಿ ಆಡುಗಳು ಮರಿ ಹಾಕುತ್ತಿದ್ದವು, ಕನ್ನಡಿಗೆ ಚಹಾದವನು ಕಪ್ಪು ತೂಗುಹಾಕುತ್ತಿದ್ದ. ಮದುವೆ ಕಾರ್ಡಿನಲ್ಲಿ ಸಹ ವಿಳಾಸ "ನಿಂತ ಲಾರಿ ಹತ್ತಿರ" ಎಂದೇ ಅಚ್ಚಾಗುತ್ತಿತ್ತು. ನಾನು ಗಯಾಸುದ್ದೀನನನ್ನು ವಿಧಿವತ್ತಾಗಿ ಕೇಳಿದೆ: "ಇದು ಚಲಿಸೂ ವಸ್ತು ಏನಪಾ?"

"ಬಾಯಾರ, ಇದು ಹಂದಾಡಿದ್ರ ನಾ ಮೀಸಿ ಬೋಳಸ್ತೀನ್ರಿ."

ಇಷ್ಟು ಭದ್ರವಾದ ಭರವಸೆ ಸರಕಾರವೂ ಕೊಡುವುದಿಲ್ಲ. ಎಲೆಯಡಿಕೆಯ ತಗಡಿನ ಡಬ್ಬಿಗೆ ಹಳೆಯ ಸ್ಪೀಕರಿನ ಅಯಸ್ಕಾಂತ ಅಂಟಿಸಿ, ಲಾರಿಯ ಹೊಟ್ಟೆಯಡಿ ಕಬ್ಬಿಣದ ಪಟ್ಟಿಗೆ ಕಚ್ಚಿಸಿದೆ. ಆಟ ನಡೆಸುವ ಹಿರಿಯರಿಗೆ ತೋರಿಸಲಿಲ್ಲ, ಊರಿಗೆ ಸಾರಲಿಲ್ಲ. ಆ ಅಂಕಿಗಳು ನಿನ್ನೊಬ್ಬಳಿಗೇ ಬಂದವು. ಆ ಭಾನುವಾರ ನೀನು ಬರುವ ಹೊತ್ತಿಗೆ ನಾನು ಚಹಾದ ನೀರಿಟ್ಟು ಮನೆಯಲ್ಲಿ ಕೂತಿದ್ದೆ. ಬಚ್ಚಿಟ್ಟವರು ಪಕ್ಕದಲ್ಲಿ ನಿಂತು ಹಲ್ಲು ಕಿಸಿಯಬಾರದಲ್ಲ. ನೀರು ಬತ್ತಿತು. ಮತ್ತೆ ಇಟ್ಟೆ.

ಸಂಜೆ ಆಟೋನಗರಕ್ಕೆ ಹೋದರೆ ಲಾರಿ ಇದ್ದಲ್ಲಿ ಹಳದಿ ಹುಲ್ಲಿನ ಒಂದು ಉದ್ದ ಚೌಕ, ಎಣ್ಣೆಯ ಕಲೆ, ದಿಕ್ಕು ತಪ್ಪಿದ ಎರಡು ಆಡು. ಅವುಗಳ ನಡುವೆ ಮೀಸೆಯಿಲ್ಲದ ಒಬ್ಬ ಅಪರಿಚಿತ. ಮಾತಾಡಿದಾಗ ಗಯಾಸುದ್ದೀನ್ ಎಂದು ಗೊತ್ತಾಯಿತು.

ಬದ್ರುದ್ದೀನ್ ಎಲ್ಲಿಂದಲೋ ಮಿಸ್ತ್ರಿಯನ್ನು ಕರೆತಂದು, ಎರಡು ದಿನ ಅದರ ಹೊಟ್ಟೆಯೊಳಗೆ ಕೈಯಾಡಿಸಿ, ಶನಿವಾರ ಎಬ್ಬಿಸಿಯೇಬಿಟ್ಟನಂತೆ. ಮರುದಿನ ನೀನು ಬಂದೆ. "ಆಪಾ, ಯಾರ್ ಬೇಕಾಗಿತ್ತು?" ಎಂದು ಈತ ಕೇಳಿದ್ದಕ್ಕೆ "ನಿಂತ ಲಾರಿ" ಎಂದೆಯಂತೆ. "ಹೋಯ್ತಲ್ಲ ಆಪಾ." "ನಿಂತದ್ದು ಹ್ಯಾಂಗ ಹೋಗತದ?" ಆತ ಬೋಳಿಸಿದ ಮೇಲ್ದುಟಿ ಸವರಿಕೊಂಡನಂತೆ. ನೀನು ಅದನ್ನೂ ನನ್ನ ಮಸ್ಕಿರಿಯ ಲೆಕ್ಕಕ್ಕೆ ಹಾಕಿ, ನಮ್ಮ ಓಣಿಗೆ ಕಾಲಿಡದೆ ಬಸ್ಸು ಹತ್ತಿದೆ.

ಬದ್ರುದ್ದೀನನಿಗೆ ಫೋನು ಹಚ್ಚಿಸಿದೆ. ಡಬ್ಬಿ ಅವನಿಗೆ ಸಿಕ್ಕಿದೆ, ಆದರೆ ಮುಟ್ಟಲೊಲ್ಲ. "ಬಾಯಾರ, ಯಾರೋ ತಾಯತ ಕಟ್ಯಾರ, ಇಲ್ಲಾ ಭಾನಾಮತಿ ಮಾಡ್ಯಾರ. ಯಾವುದಿದ್ರೂ ಅದು ಇದ್ದಾಗಿಂದ ಗಾಡಿ ಒಂದ್ ಕಡಿ ಕೆಟ್ಟು ನಿಂತಿಲ್ಲ. ನಾ ಕೈ ಹಚ್ಚಂಗಿಲ್ರಿ."

"ಅದು ಆಟದ ಡಬ್ಬಿಯಪಾ. ನಾನಾ ಇಟ್ಟೀನಿ."

"ಆಟಕ್ಕ ಇಟ್ಟದ್ದ ಇಷ್ಟ್ ಓಡಸ್ತದ, ನೀವು ಖರೇನ ಇಟ್ಟಿದ್ರ ಹ್ಯಾಂಗ್ರಿ!"

ಡಬ್ಬಿ ಕಚ್ಚಿರುವ ಪಟ್ಟಿಗೆ ಈಗ ಕರಿದಾರ ಕಟ್ಟಿ, ಊದಿನಕಡ್ಡಿ ಬೆಳಗುತ್ತಾನಂತೆ. ತೊಗರಿ ಹೇರಿಕೊಂಡು ಸೊಲ್ಲಾಪುರಕ್ಕೂ ಹೈದರಾಬಾದಿಗೂ ತಿರುಗುತ್ತಾನೆ. ಅಂದರೆ ನಾನು ನಿನಗಿಟ್ಟದ್ದು ಹುಮನಾಬಾದದ ಮೇಲೆಯೇ ಹಾಯುತ್ತಿದೆ. ಹೆದ್ದಾರಿಯ ಕಡೆ ಹಾರ್ನು ಕೇಳಿಸಿದರೆ ಬೈಯಬೇಡ.

ಊರ ಸುದ್ದಿ ಹೆಚ್ಚೇನಿಲ್ಲ. ವಿಮೆಯ ಏಜೆಂಟ ಅಜೀತ ನಮ್ಮ ಮುಂದಿನ ಖೋಲಿ ಬಾಡಿಗೆಗೆ ಕೇಳಲು ಬಂದಿದ್ದ. ಕೊಟ್ಟಾಗಿದೆ ಎಂದೆ. "ಯಾರೂ ಕಾಣಂಗಿಲ್ಲಲ್ರಿ?" "ಬರೋರದಾರ್ರಿ." "ಯಾವಾಗ್ರಿ?" "ಅವರಿಗೇ ಇನ್ನಾ ಗೊತ್ತಿಲ್ರಿ." ತಲೆ ಕೆರೆದುಕೊಂಡು ಹೋದ. ಆ ಖೋಲಿಗೆ ಮುಂಜಾನೆಯ ಬಿಸಿಲು ಬೀಳುತ್ತದೆ, ಸೂಜಿಗೆ ದಾರ ಪೋಣಿಸಲು ಕನ್ನಡಕ ಬೇಡ.

ಆಪಾದಿತೆಯ ಹೇಳಿಕೆ ಮುಗಿಯಿತು. ನಿನ್ನ ಮಷೀನಿನ ಪಟ್ಟಿ ಹರಿಯದಿರಲಿ, ಗಿರಾಕಿಗಳು ಹೇಳಿದ ಅಳತೆಯಲ್ಲೇ ಉಳಿಯಲಿ, ನಾಂದೇಡದಲ್ಲಿ ಅಮೀರನ ಹೆಂಡತಿಯ ಅಡುಗೆ ತುಸು ಉಪ್ಪಾಗಿರಲಿ ಎಂದು ಹಾರೈಸುವ,

ನಿನ್ನ
ಜಗದೇವಿ

ತಾ.ಕ.: ಡಬ್ಬ್ಯಾಗ ಏನಿತ್ತು ಅಂತ ಗಯಾಸುದ್ದೀನ ಕೇಳಿದ. ಗುಂಡಿ ಅಂದೆ. ಸುಳ್ಳು. ಮುಂದಿನ ಖೋಲಿ ಚಾವಿ ಇತ್ತು ಫರಹತ್. ಇದ್ದದ್ದೇ ಒಂದು ಚಾವಿ. ನೀ "ಎಲ್ಲಿ ಹೋಗ್ಲಿ" ಅಂದಾಗ "ನಮ್ಮ ಮನಿಗಿ ಬಾ" ಅನ್ನೂದು ನಾಲಿಗಿ ತುದಿಗಿ ಬಂದಿತ್ತು. ನೀ ಒಲ್ಲೆ ಅಂದಿದ್ರ? ವಾರಾ ವಾರಾ ಪೇಪರಿನ್ಯಾಗ ನಗಿ ಲೇಖನಾ ಬರದು ನನ್ನ ಮಾನ ನಾನಾ ಕಳಕೊಂಡು ಮಂದಿಗಿ ನಗಸ್ತೀನಿ, ಆದ್ರ ಅದೊಂದ್ ಮಾತಿಗಿ ನಗೂದು ನನಗ ಆಗ್ತಿರಲಿಲ್ಲ. ಡಬ್ಬ್ಯಾಗ ಇಟ್ರ, ನೀನಾ ಹುಡಕಿ ತಗೊಂಡಂಗ ಆಗ್ತದ, ನಾ ಕೇಳಿದಂಗ ಆಗಂಗಿಲ್ಲ ಅಂದ್ಕೊಂಡೆ. ಚಾವಿ ಇನ್ನ ಬರಂಗಿಲ್ಲ. ನಿನ್ನಿ ಕೀಲಿ ಒಡಸೀನಿ, ಹೊಸಾದು ಹಾಕಿಲ್ಲ. ಬಾಗಿಲಾ ಬರೇ ಮುಂದ ಮಾಡೀನಿ. ದೂಡಿದ್ರ ತೆರಿತದ.