ಗ್ರಾಷಿ ಅಜ್ಜಿಯ ಉಗುಳು

ಅಕ್ಟೋಬರ್ ೩, ೨೦೦೨, ಗುರುವಾರ

ಹಬ್ಬದ ಸಮಿತಿಯವರು ಗ್ರಾಷಿ ಅಜ್ಜಿಗೆ ಸಲ್ಲಬೇಕಾದ ಮರ್ಯಾದೆ ಕಿತ್ತುಕೊಂಡಿದ್ದಾರೆ. ಭಾನುವಾರ ಹಬ್ಬದ ದಿನ ಊರ ಚೌಕದಲ್ಲಿ ನಾನು ಅವಳೆದುರು ಗೌರವದ ಕುಣಿತ ಕುಣಿಯಬೇಕಿತ್ತು. ಈಗ ಕೊಲ್ಡೊನ ಅಪ್ಪನೆದುರು ಕುಣಿಯಬೇಕಂತೆ. ವಿಶ್ವವಿದ್ಯಾಲಯದವರು ವಂಶಮೂಲ ತಿಳಿಯಲು ಊರವರ ಉಗುಳು ಪರೀಕ್ಷಿಸಿದರಲ್ಲ, ಅವನ ಅಪ್ಪನದು ನಮ್ಮ ಬಾಸ್ಕ್ ನಾಡಿನ ಅಪ್ಪಟ ಪುರಾತನ ರಕ್ತವಂತೆ. ಅಜ್ಜಿಯ ತಂದೆಯ ಕಡೆಯವರು ದಕ್ಷಿಣದಿಂದ ಬಂದವರಂತೆ.

"ರಕ್ತ ಸುಳ್ಳು ಹೇಳುತ್ತೇನೋ ಮಾರಾಯ?" ಎಂದ ಕೊಲ್ಡೊ. ಹಬ್ಬದ ಸಮಿತಿ ಅವನ ಕೈಯಲ್ಲೇ ಇದೆ.

"ರಕ್ತ ಮಾತೇ ಆಡಲ್ವಲ್ಲೋ! ನಿಮ್ಮಪ್ಪನಿಗೂ ನಮ್ಮ ಭಾಷೆ ಬರಲ್ಲ," ಅಂದೆ.

ನಾಚಿಕೆಗೆಟ್ಟವರು. ಸರ್ಕಾರ ನಮ್ಮ ಭಾಷೆಯ ಬಾಯಿ ಕಟ್ಟಿದ್ದ ಕಾಲದಲ್ಲಿ ಅಡುಗೆಮನೆಯ ಬಾಗಿಲು ಹಾಕಿಕೊಂಡು ಅರ್ಧ ಊರಿಗೆ ಅದನ್ನು ಕಲಿಸಿದವಳು ಅವಳು. ಭಾಷೆ ಉಳಿಸಿಕೊಂಡವರೇ ಈ ನೆಲದ ಜನ ಎಂದು ನಾನು ಓದಿದ ಪ್ರತಿ ಕರಪತ್ರವೂ ಕೂಗುತ್ತದೆ. ಇವರು ಓದುವುದು ಪ್ರಯೋಗಾಲಯದ ಚೀಟಿಯನ್ನು.

ಸಂಜೆ ಹೋದಾಗ ಅಜ್ಜಿ ಕಪ್ಪು ಬೀನ್ಸ್ ಸುಲಿಯುತ್ತಿದ್ದಳು. "ಬಾಯಿ ತೆಗಿ ಅಂದ್ರು, ತೆಗೆದೆ. ಉಗುಳು ಒರೆಸ್ಕೊಂಡು ಹೋದ್ರು, ಮಾತು ಕೇಳಲೇ ಇಲ್ಲ ಕಣೋ," ಎಂದು ನಕ್ಕಳು. ಆಮೇಲೆ ಮುಂಗೈಯಿಂದ ಕಣ್ಣೊರೆಸಿಕೊಂಡಳು.

ಆ ಚೌಕದಲ್ಲಿ ನನ್ನ ಕಾಲು ಏಳುವುದಿಲ್ಲ. ಕೊಳಲು ನುಡಿಸುವ ಉನಾಯ್ ಕೂಡ ಒಪ್ಪಿದ್ದಾನೆ. ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ, ಅಜ್ಜಿಯ ಮನೆ ಬಾಗಿಲೆದುರು ಕುಣಿಯುತ್ತೇನೆ.