ಬನಹಟ್ಟಿಯ ಬೂತಿನಲ್ಲಿ ನಾನು ಓದಿದ್ದು

ಅಪ್ಪಾ,

ನಿನಗೆ ಓದಲು ಬರುತ್ತಿರಲಿಲ್ಲ. ಆ ಧೈರ್ಯದ ಮೇಲೆಯೇ ಅವತ್ತು ನಿನಗೆ ಸುಳ್ಳು ಹೇಳಿದೆ. ಇಷ್ಟು ವರ್ಷವಾದ ಮೇಲೆ ಅದನ್ನು ಕಾಗದದಲ್ಲಿ ಬರೆಯುತ್ತಿದ್ದೇನೆ. ಅಲ್ಲಿ ಯಾರಾದರೂ ನಿನಗೆ ಓದಿ ಹೇಳುತ್ತಾರೇನೋ. ಹೇಳಿದರೆ ನಡುವೆ ಎದ್ದು ಹೋಗಬೇಡ, ಪೂರ್ತಿ ಕೇಳು.

ಅಣ್ಣ ಕೊಲ್ಲಿ ದೇಶಕ್ಕೆ ಹೋಗಿ ಏಳು ತಿಂಗಳಾಗಿತ್ತು, ನೆನಪಿದೆಯೇ? ಒಂದು ಪತ್ರವಿಲ್ಲ, ಫೋನಿಲ್ಲ. ಅಲ್ಲಿಂದ ರಜೆಗೆ ಬಂದ ರನ್ನ ಬೆಳಗಲಿ ಊರಿನವನೊಬ್ಬ ನಮ್ಮ ಹುನ್ನೂರಿನ ಮನೆಗೆ ಬಂದು ಇ-ಮೇಲ್ ವಿಳಾಸದ ಚೀಟಿ ಕೊಟ್ಟ. “ಇದಕ್ಕ ಬರೀರಿ. ನಿಮ್ಮ ಬೀರಪ್ಪ ಪ್ಯಾಟಿಗೆ ಬಂದಾಗ ನೋಡ್ತಾನ” ಎಂದ. ಹೇಗಿದ್ದಾನೆ ಎಂದು ನೀನು ಕೇಳಿದರೆ ಚಹಾದ ಕಪ್ಪನ್ನೇ ನೋಡುತ್ತ ಕುಳಿತ. ನೀನು ಅದನ್ನು ಗಮನಿಸಲಿಲ್ಲ. ನಾನು ಗಮನಿಸಿದೆ.

ಆಮೇಲೆ ನಾವಿಬ್ಬರೂ ಊರೂರು ಅಲೆದದ್ದು! ಜಮಖಂಡಿಯ ಕಂಪ್ಯೂಟರ್ ಕ್ಲಾಸಿನವರು “ಕಂಪ್ಯೂಟರ್ ಅದಾವ್ರಿ, ಇಂಟರ್‌ನೆಟ್ ಇಲ್ಲ” ಎಂದರು. “ಡಬ್ಬಿ ಐತಿ, ಟಪಾಲು ಇಲ್ಲ ಅಂದ್ರ ಅದೆಂಥ ಪೋಸ್ಟಾಫೀಸ ಬೇ?” ಎಂದು ನೀನು ಬಾಗಿಲಲ್ಲೇ ನಿಂತು ಕೇಳಿದೆ. ಮುಧೋಳದಲ್ಲಿ ಇಂಟರ್‌ನೆಟ್ ಇತ್ತು, ಆದರೆ ಫೋನಿನ ಲೈನ್ ಸತ್ತು ವಾರವಾಗಿತ್ತು. ಕೊನೆಗೆ ಬನಹಟ್ಟಿಯಲ್ಲಿ, ಮಗ್ಗಗಳ ಸದ್ದಿಗೆ ಗೋಡೆಯೂ ಅದುರುವ ಓಣಿಯಲ್ಲಿ, ಶಾರದಕ್ಕನ ಎಸ್‌ಟಿಡಿ ಬೂತು ಸಿಕ್ಕಿತು. ಇದ್ದದ್ದು ಒಂದೇ ಲೈನು. ಯಾರಾದರೂ ಫೋನ್ ಮಾಡುತ್ತಿದ್ದರೆ ಕಂಪ್ಯೂಟರ್ ಸುಮ್ಮನಿರಬೇಕು. ಶಾರದಕ್ಕ ನನ್ನ ಹೆಸರಿನಲ್ಲಿ ಖಾತೆ ತೆರೆದು “ಅಣ್ಣಾ, ಹೆಂಗದಿ?” ಎಂದಷ್ಟೇ ಬರೆಸಿ, ಮುಂದಿನ ಮಂಗಳವಾರ ಬರಲು ಹೇಳಿದಳು.

ಆ ಮಂಗಳವಾರ ಇಂಟರ್‌ನೆಟ್ ಜೋಡಿಸುವ, ಫೋನಿನ ಪಕ್ಕದ ಡಬ್ಬಿ ಕಿರುಗುಟ್ಟಿದಾಗ ನೀನು ಎದ್ದು ನಿಂತೆ. “ಯಾಕ ಹಿಂಗ ಒದರಾಕತ್ತೈತಿ? ಬ್ಯಾನಿ ಆಗೈತೇನು?” ಶಾರದಕ್ಕ ನಕ್ಕಳು, ನನಗೆ ನಗು ಬರಲಿಲ್ಲ. ಪರದೆಯ ಮೇಲೆ ಅಣ್ಣನ ಹೆಸರು ಮೂಡಿತು. ಬಂತು ಎಂದೆನಷ್ಟೇ. ಕುರಿ ಈದರೂ, ಹೊಸ ಕಂಬಳಿ ಮಗ್ಗದಿಂದ ಇಳಿದರೂ ಭಂಡಾರ ಎರಚುವ ಮನುಷ್ಯ ನೀನು, ಬಿಡುತ್ತೀಯಾ? ಸೊಂಟದ ಚೀಲದಿಂದ ಒಂದು ಹಿಡಿ ಅರಿಶಿಣ ತೆಗೆದು “ಬೀರಪ್ಪ ನಿನ್ನ ಪಾದಕ್ಕ!” ಎಂದು ಮನೆದೇವರ ಹೆಸರು ಹೇಳಿ ಕಂಪ್ಯೂಟರಿನ ಮೇಲೆ ಎರಚಿಯೇ ಬಿಟ್ಟೆ.

“ಅಯ್ಯ ಯಪ್ಪಾ, ಏನ ಮಾಡಿದ್ರಿ! ಒಳಗ ಕರೆಂಟ್ ಐತ್ರಿ!” ಎಂದು ಶಾರದಕ್ಕ ಸ್ವಿಚ್ ಆರಿಸಿದಳು. ಅವಳು ಕುಂಚದಿಂದ ಅರಿಶಿಣ ಗುಡಿಸುವಷ್ಟರಲ್ಲಿ ಫೋನ್ ಮಾಡುವವರ ಸಾಲು ನಿಂತಿತು. ಲೈನು ನಮಗೆ ಮತ್ತೆ ಸಿಗಲು ಎರಡು ತಾಸಾಯಿತು. ನೀನು ಬೆಂಚಿನ ಮೇಲೆ ಕುಳಿತು ಬಂದವರಿಗೆಲ್ಲ “ಮಗಂದು ಬಂದೈತ್ರಿ” ಎಂದು ಹೇಳಿದ್ದೇ ಹೇಳಿದ್ದು. ನನಗೆ ಬೇರೆಯೇ ಚಿಂತೆ. ಹೆಸರು ಬಂದಿದೆ, ಖರೆ. ಆದರೆ ಬರೆದವನು ಅವನೇನಾ? ಅಥವಾ ಅವನ ವಿಷಯ ತಿಳಿಸಲು ಬೇರೆ ಯಾರಾದರೂ…

ಮತ್ತೆ ತೆರೆದಾಗ ಅಕ್ಷರ ಇಂಗ್ಲಿಷಿನವು, ಮಾತು ನಮ್ಮವು. “ತಂಗಿ, ಹೋಟೆಲ್ ಕೆಲಸ ಅಂದಿದ್ರು, ಇಲ್ಲಿ ಮರಳಾಗ ಕುರಿ ಕಾಯಾಕ ಹಚ್ಯಾರ. ಪಾಸ್‌ಪೋರ್ಟ್ ಮಾಲಕ ಇಟ್ಕೊಂಡಾನ. ಕಾಲಿನ ಗಾಯ ಮಾಯಾಕತ್ತಿಲ್ಲ. ಅಪ್ಪಗ ಹೇಳಬ್ಯಾಡ.”

ಮಗ ಕುರಿ ಹಿಂದೆ ಅಲೆಯಬಾರದು ಎಂದೇ ನೀನು ಹಿಂಡು ಮಾರಿ ಅವನನ್ನು ಕಳಿಸಿದ್ದೆ. ನಿನ್ನ ಕೈ ನನ್ನ ಹೆಗಲ ಮೇಲಿತ್ತು. “ಓದ ಬೇ, ಜೋರಾಗಿ ಓದ” ಎಂದೆ ನೀನು. ನಾನು ಪರದೆ ನೋಡುತ್ತಲೇ ಓದಿದೆ: “ದೊಡ್ಡ ಹೋಟೆಲಿನ್ಯಾಗ ಕೆಲಸ. ಊಟ ಛಲೋ ಐತಿ. ಅಪ್ಪಗ ಚಿಂತಿ ಮಾಡಬ್ಯಾಡ ಅನ್ನು.” ಶಾರದಕ್ಕನಿಗೆ ಎಲ್ಲ ಕಾಣುತ್ತಿತ್ತು. ಅವಳು ತಲೆ ತಗ್ಗಿಸಿ ಬಿಲ್ಲು ಬರೆಯತೊಡಗಿದಳು.

ಅಲ್ಲಿಂದ ಪ್ರತಿ ಮಂಗಳವಾರ ಹೊಲಿಗೆ ಕ್ಲಾಸೆಂದು ಹೇಳಿ ನಾನು ಬನಹಟ್ಟಿಗೆ ಹೋಗುತ್ತಿದ್ದೆ. ಅವನನ್ನು ಬಿಡಿಸಿರೆಂದು ಶಾರದಕ್ಕ, ನಾನು ಕೂಡಿ ರಾಯಭಾರ ಕಚೇರಿಗೆ ಬರೆದದ್ದು ಎಷ್ಟು ಸಲವೋ. ಆ ಡಬ್ಬಿ ಕಿರುಗುಟ್ಟಿದರೆ ಸಾಕು, ಇವತ್ತು ಏನು ಬಂದಿರುತ್ತದೋ ಎಂದು ಕಣ್ಣು ಮುಚ್ಚಿಕೊಳ್ಳುತ್ತಿದ್ದೆ.

ನೀನು ಹಾಸಿಗೆ ಹಿಡಿದ ದಿನ ನಾನು “ಅಣ್ಣಗ ಬಾ ಅಂತ ಬರೀಲೇನು?” ಎಂದು ಕೇಳಿದೆ. “ಬ್ಯಾಡ. ಛಲೋ ನೌಕರಿ ಸಿಕ್ಕೈತಿ, ನನ್ನ ಸಲುವಾಗಿ ಬಿಟ್ಟ ಬಂದಾನು” ಎಂದು ನೀನು ಗೋಡೆಯ ಕಡೆ ತಿರುಗಿದೆ. ಬಾಯಿಗೆ ಬಂದ ನಿಜವನ್ನು ನಾನು ನುಂಗಿದೆ, ಅಪ್ಪಾ. ಹೆದರಿದೆ. ಆ ನಿಜ ಕೇಳಿಯೇ ನಿನ್ನ ಜೀವ ಹೋದರೆ? ಮೂರನೇ ದಿನ ನೀನು ಹೋದೆ, ಬಾಯಿಬಿಟ್ಟು ಒಮ್ಮೆಯೂ ಅವನನ್ನು ಕರೆಯದೆ.

ನಿನಗೆ ಗೊತ್ತಿಲ್ಲದ ಸುದ್ದಿ ಇದು: ಅಣ್ಣ ಬಂದ. ನೀನು ಹೋಗಿ ಎಂಟು ತಿಂಗಳಿಗೆ ರಾಯಭಾರ ಕಚೇರಿಯವರು ಬಿಡಿಸಿ ಕಳಿಸಿದರು. ಕುಂಟುತ್ತ, ಆದರೆ ಜೀವಂತ ಬಂದ. ಹೊಸ್ತಿಲಲ್ಲೇ ನಿಂತು ಕೇಳಿದ: “ಅಪ್ಪ ನನ್ನ ಕರೀಲಿಲ್ಲೇನು?” ಕರೆಯಲಿಲ್ಲ ಎಂದು ಹೇಗೆ ಹೇಳಲಿ? “ಕರದ ಅಣ್ಣಾ, ಮೂರು ಸಲ ಕರದ” ಎಂದುಬಿಟ್ಟೆ. ಅವನಿಗೆ ಸಮಾಧಾನವಾಗಲಿ ಎಂದು ಹೇಳಿದ್ದು. ಆದದ್ದೇ ಬೇರೆ. ಅವನಿಗೆ ಮದುವೆಯಾಗಿ ಮಕ್ಕಳಾದವು. ಆದರೂ ಪ್ರತಿ ಅಮಾವಾಸ್ಯೆ ಉಪವಾಸವಿದ್ದು ನಿನ್ನ ಸಮಾಧಿಯ ಹತ್ತಿರ ಕೂರುತ್ತಾನೆ. “ಕರದಾಗ ಬರಲಿಲ್ಲ ನಾ” ಎಂದು ನೆಲಕ್ಕೆ ಹಣೆ ಹಚ್ಚಿ ಅಳುವುದನ್ನು ನಾನೇ ನೋಡಿದ್ದೇನೆ.

ಇವತ್ತು ಅಮಾವಾಸ್ಯೆ. ನಾನು ತವರಿಗೆ ಬಂದಿದ್ದೇನೆ. ಅವನು ಆಗಲೇ ನಿನ್ನ ಸಮಾಧಿಯಿರುವ ಹೊಲದ ದಾರಿ ಹಿಡಿದಿದ್ದಾನೆ. ಅವನು ನನ್ನ ಜೊತೆ ಮಾತು ಬಿಡಬಹುದು, ಈ ಮನೆಯ ಬಾಗಿಲನ್ನೇ ನನಗೆ ಮುಚ್ಚಬಹುದು. ಆದರೂ ಹೋಗುತ್ತೇನೆ. ನಿನ್ನ ಎದುರಿಗೇ ಅವನಿಗೆ ಹೇಳುತ್ತೇನೆ: “ಅಪ್ಪ ನಿನ್ನ ಕರೀಲಿಲ್ಲ ಅಣ್ಣಾ. ಕರೀಲಾರದಂಗ ಮಾಡಿದಾಕಿ ನಾನು.”

ನಿನ್ನ ಮಗಳು,
ಮಾಳವ್ವ