ಕಿಟಕಿಯಲ್ಲಿ ಇಟ್ಟಿದ್ದ ಲಿಂಗ

ಶಹಾಪುರ
13 ಆಗಸ್ಟ್ 2024

ಗೆಳೆಯ ಮನ್ಸೂರಅಲಿಗೆ ಪಂಪಣ್ಣನ ಶರಣು.

ಕಾಗದ ನೋಡಿದ ಕೂಡಲೇ ಹರಿಯಬೇಡ. ಹರಿಯುವುದಾದರೂ ಪೂರ್ತಿ ಓದಿ ಹರಿ. ಐವತ್ತೊಂದು ವರ್ಷ ಮಾತು ಬಿಟ್ಟವನು ನಾನು, ಈಗ ಮಾಫಿ ಕೇಳಬೇಕಾದವನೂ ನಾನೇ.

ನಿನ್ನೆ ಶ್ರಾವಣ ಸೋಮವಾರ ಮಠದಲ್ಲಿ ಮತ್ತೆ ಲಿಂಗ ಕಟ್ಟಿಸಿಕೊಂಡೆ. ಎಪ್ಪತ್ನಾಲ್ಕಕ್ಕೆ ಈ ಮುದುಕನಿಗೆ ಭಕ್ತಿ ಬಂತೇ ಎಂದು ನಗಬೇಡ. ಎಪ್ಪತ್ತೊಂದರ ಯುದ್ಧದಲ್ಲಿ ಸೆರೆಸಿಕ್ಕಾಗ ಪಾಕಿಸ್ತಾನದವರು ನನ್ನ ಕೊರಳ ಲಿಂಗ ಕಿತ್ತು ಬಿಸಾಡಿದರು ಎಂದು ಊರಿಗೆಲ್ಲ ಹೇಳಿದ್ದೆನಲ್ಲ, ಅದು ಸುಳ್ಳು. ಕ್ಯಾಂಪಿಗೆ ತಂದ ದಿನ ಜೀವಭಯಕ್ಕೆ ನಾನೇ ಶಿವದಾರ ಹರಿದು ಅಲ್ಲಿನ ಉಸುಕಿನಲ್ಲಿ ಹೂತಿದ್ದೆ.

ಹೊಡೆದದ್ದು ಮಾತ್ರ ನಿಜ. ಎಡಗೈಯ ಎರಡು ಬೆರಳು ಇನ್ನೂ ಮಡಚುವುದಿಲ್ಲ. ಆದರೆ ಅಲ್ಲಿ ಮಸರತ ಎಂಬ ಮುದಿ ಪಹರೆಯವನಿದ್ದ. ಆ ಲಿಂಗ ಅವನ ಬೂಟಿಗೆ ತಗುಲಿತು. ತೊಳೆದು ತಂದು, ಇದು ಯಾರದು ಎಂದು ಕೇಳಿದ. ನಾನು ನೆಲ ನೋಡಿದೆ. ಯಾರದಾದರೂ ದೇವರ ಅಮಾನತ್ತು, ಕಾಯಲು ಕೊಟ್ಟ ಒಡವೆ, ಕೆಳಗಿಡಬಾರದು ಎಂದು ಕಿಟಕಿಯಲ್ಲಿ ಇಟ್ಟ. ನಾವಿದ್ದ ಒಂದು ವರ್ಷವೂ ದಿನಾ ಮುಂಜಾನೆ ನಮಾಜು ಮುಗಿಸಿ ಬಂದು ಅದರ ಧೂಳು ಒರೆಸುತ್ತಿದ್ದ. ನನ್ನ ದೇವರನ್ನು ಅವನು ಕಾಯುತ್ತಿದ್ದ, ನಾನು ನೋಡುತ್ತಾ ಮಲಗಿರುತ್ತಿದ್ದೆ. ಬಿಡುಗಡೆಯ ದಿನವೂ ನನ್ನದು ಎನ್ನಲು ಬಾಯಿ ಬರಲಿಲ್ಲ.

ಸಿಟ್ಟು ಇಟ್ಟುಕೊಂಡು ಲಿಂಗ ಹಿಡಿಯಬೇಡ ಎಂದರು ಸ್ವಾಮಿಗಳು. ಬೆರಳು ಮುರಿದವನ ಮುಖ ನೆನೆದೆ. ಅವನೂ ಇಪ್ಪತ್ತರ ಪೋರ, ಅವನ ಅಣ್ಣ ಅದೇ ಯುದ್ಧದಲ್ಲಿ ಸತ್ತಿದ್ದನಂತೆ. ಹೋಗಲಿ ಬಿಡು ತಮ್ಮಾ ಎಂದೆ, ಎಲ್ಲರೆದುರು ಅತ್ತೆ. ಮನೆಗೆ ಬಂದು ಹೆಂಡತಿ ಬಸವೇಶ್ವರಿಗೆ ಎಲ್ಲ ಹೇಳಿದೆ. ಅವಳ ಬಾಯಿ ನೀನು ಕಂಡಿಲ್ಲ. "ಹೊಡದಾವರಿಗೆ ಮಾಫಿ ಕೊಟ್ಟು ಬಂದೀರಿ, ಛಲೋ ಆತು. ಹೊಡೀಲಾರದ ದೋಸ್ತನ ಕಡೆ ಮಾಫಿ ಕೇಳೋದು ಯಾವಾಗ್ರಿ?" ಎಂದಳು.

ರಂಗಂಪೇಟೆಯ ನಿಮ್ಮ ಮನೆ ಕಣ್ಣಿಗೆ ಕಟ್ಟಿದಂತಿದೆ. ಮೊಹರಮ್ಮಿಗೆ ಹರಕೆ ಹೊತ್ತು ನಾನು ಫಕೀರನಾದಾಗ ನಿಮ್ಮವ್ವ ಸುಗರಾಬಿ ಕೊರಳಿಗೆ ಕೆಂಪು ದಾರದ ಲಾಡಿ ಕಟ್ಟುತ್ತಿದ್ದಳು. ಅದು ಶಿವದಾರಕ್ಕೆ ಸಿಕ್ಕಿಕೊಂಡರೆ, "ಇರಲಿ ಬಿಡಪ್ಪ, ಅವೇನು ಜಗಳ ಆಡಂಗಿಲ್ಲ" ಎನ್ನುತ್ತಿದ್ದಳು. ಬೆಲ್ಲದ ಚೊಂಗ್ಯಾ ನಮ್ಮಿಬ್ಬರಿಗೂ ಒಂದೇ ತಾಟಿನಲ್ಲಿ. ದೊಡ್ಡ ತುಂಡು ನೀನು ನುಂಗಿ ನನ್ನ ಹೆಸರು ಹೇಳುತ್ತಿದ್ದೆ, ಕಳ್ಳ ನನ್ನ ಮಗನೆ. ಅಂಥ ಅವ್ವ ತೀರಿಕೊಂಡಾಗ ನಾನು ಮಣ್ಣಿಗೂ ಬರಲಿಲ್ಲ.

ಸೆರೆಯಿಂದ ಬಂದ ದಿನ ಸುರಪುರ ಬಸ್‌ಸ್ಟ್ಯಾಂಡಿನಲ್ಲಿ ನೀನು ಓಡಿಬಂದು ತಬ್ಬಿಕೊಂಡೆ. ನಾನು ದಬ್ಬಿದೆ. ಹೊಡೆದವರ ಭಾಷೆ ನಿನ್ನ ಬಾಯಲ್ಲಿ ಕೇಳಿ ತಲೆಕೆಟ್ಟಿತು ಎಂದು ಎಲ್ಲರಿಗೂ ಹೇಳಿದೆ. ಅಯ್ಯೋ ಪಾಪ, ಸೆರೆಯಲ್ಲಿ ಇದ್ದು ಬಂದವನು ಎಂದು ಜನ ನನಗೇ ಮರುಗಿದರು.

ಬರುವ ಶುಕ್ರವಾರ ನಾನೇ ಬರುತ್ತೇನೆ. ಬಾಗಿಲು ತೆಗೆಯುವುದು ಬಿಡುವುದು ನಿನ್ನ ಮರ್ಜಿ. ತೆಗೆಯದಿದ್ದರೆ ನಿಮ್ಮ ಕಟ್ಟೆಯ ಮೇಲೆ ಸ್ವಲ್ಪ ಹೊತ್ತು ಕೂತು ಸಂಜೆಯ ಬಸ್ಸಿಗೆ ವಾಪಸಾಗುತ್ತೇನೆ.

ನಿನ್ನವನೇ ಆಗಿದ್ದ
ಪಂಪಣ್ಣ

ತಾ.ಕ.: ಭಾಷೆಯ ಮಾತೂ ಸುಳ್ಳೇ. ತಬ್ಬಿಕೊಂಡಾಗ ನಿನ್ನ ಕೈ ನನ್ನ ಕೊರಳಿಗೆ ತಗುಲಿ, "ಪಂಪ್ಯಾ, ಲಿಂಗ ಎಲ್ಲೈತೋ?" ಎಂದು ನೀನು ಕಿವಿಯಲ್ಲಿ ಕೇಳಿದೆ. ಕೇಳಿದ್ದು ಕನ್ನಡದಲ್ಲಿ. ಆ ಪ್ರಶ್ನೆಗೆ ಹೆದರಿಯೇ ದಬ್ಬಿದೆ. ನಾನು ಸುಳ್ಳ ಎಂದು ನಿನಗೆ ಅಂದೇ ಗೊತ್ತಿತ್ತು. ಐವತ್ತೊಂದು ವರ್ಷ ನೀನು ಯಾರ ಮುಂದೆಯೂ ಬಾಯಿ ಬಿಡಲಿಲ್ಲ.